ರೂಟರ್ ಹೊಟ್ಟೆಗೆ ಸೇಫ್ಟಿ ಪಿನ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾವ ಕಾಯಿಲೆಯೂ ಇಲ್ಲದೆ, ತನ್ನ ಪಾಡಿಗೆ ಮಿಣಮಿಣ ಎನ್ನುತ್ತಿದ್ದ ರೂಟರ್‌ನ ಹೊಟ್ಟೆಗೆ ಸೇಫ್ಟಿ ಪಿನ್ ಚುಚ್ಚಿದವನು ನಾನೇ. ಪಿನ್ ಅಮ್ಮನ ಬಳೆಯಲ್ಲಿತ್ತು, ಧೈರ್ಯ ನನ್ನದಾಗಿತ್ತು. ಬುದ್ಧಿ ಇಬ್ಬರ ಹತ್ತಿರವೂ ಇರಲಿಲ್ಲ ಎಂದು ಬರೆದರೆ ಅಮ್ಮ ಊಟ ಹಾಕುವುದಿಲ್ಲ. ಆದ್ದರಿಂದ ನನ್ನ ಹತ್ತಿರ ಮಾತ್ರ ಇರಲಿಲ್ಲ.

ಆಗಿದ್ದು ಇಷ್ಟು. ಕಲಬುರಗಿಯಲ್ಲಿರುವ ನಮ್ಮ ಅಕ್ಕನಿಗೆ ಎರಡನೆಯದು ಹೆಣ್ಣುಮಗು. ಅಜ್ಜಿ ಬಚ್ಚಲಲ್ಲಿ ಜಾರಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರಿಂದ ಅಜ್ಜಂಪುರ ಬಿಟ್ಟು ನಾವ್ಯಾರೂ ಕದಲುವಂತಿರಲಿಲ್ಲ. ತೊಟ್ಟಿಲಿಗೆ ಹಾಕುವ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಮೊದಲ ಮಗುವಿಗೆ ಅಕ್ಕನ ನಾದಿನಿ ಇಟ್ಟ ಹೆಸರನ್ನು ನಮ್ಮ ಮನೆಯಲ್ಲಿ ಇಂದಿಗೂ ಯಾರೂ ಸರಿಯಾಗಿ ಹೇಳಲಾರರು. ಹಲ್ಲಿಲ್ಲದ ಅಜ್ಜಿಯಂತೂ ಪ್ರಯತ್ನವನ್ನೇ ಬಿಟ್ಟು, ಆ ಮಗುವನ್ನು 'ಕೂಸೇ' ಎಂದು ಕರೆಯುತ್ತಾಳೆ.

ಹಾಗಾಗಿ ಈ ಸಲ ಅಕ್ಕ ಗಂಡನ ಮನೆಯಲ್ಲಿ ಹಟ ಹಿಡಿದು, ಹೆಸರು ಹೇಳುವ ಹಕ್ಕನ್ನು ಅಜ್ಜಿಗೆ ಕೊಡಿಸಿದ್ದಳು. ಒಂದೇ ಷರತ್ತು: ಮುಹೂರ್ತ ಮೀರುವುದರೊಳಗೆ ಅಜ್ಜಿ ಹೇಳಬೇಕು. ತಪ್ಪಿದರೆ ನಾದಿನಿಯ ಹತ್ತಿರ ಇನ್ನೊಂದು ಹೆಸರು ತಯಾರಿತ್ತು. ಅದರಲ್ಲಿ ಅಕ್ಷರಕ್ಕಿಂತ ಒತ್ತಕ್ಷರ ಜಾಸ್ತಿ ಎಂದು ಸುದ್ದಿ.

ಅಜ್ಜಿ ತಾನು ಆರಿಸಿದ ಹೆಸರನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ನಾನು ಕೇಳಿದ್ದಕ್ಕೆ, "ಕೂಸಿಗಿಂತ ಮುಂಚೆ ನಿನ್ನ ಕಿವಿಗೆ ಹೇಳ್ಬೇಕೇನೋ?" ಎಂದು ಗದರಿದ್ದಳು.

ಹೊತ್ತಿಗೆ ಸರಿಯಾಗಿ ಫೋನ್ ಮಾಡ್ತೀನಿ ಅಂತ ಅಕ್ಕ ಹೇಳಿದಳು. ನಾನು ಬಿಡಬೇಕಲ್ಲ! ಕಡೂರಿಗೆ ದಿನಾ ಬಸ್ಸಿನಲ್ಲಿ ಹೋಗಿ ಕಂಪ್ಯೂಟರ್ ಕೋರ್ಸ್ ಮುಗಿಸಿ ಬಂದವನು ನಾನು. ಮನೆಯಲ್ಲಿ ಅಂಥ ವಿದ್ಯಾವಂತನಿರುವಾಗ ಮುತ್ತಜ್ಜಿಯೊಬ್ಬಳು ಬಟನ್ ಫೋನಿನಲ್ಲಿ ನಾಮಕರಣ ಮಾಡುವುದೇ? ದೊಡ್ಡ ಪರದೆಯಲ್ಲಿ ವಿಡಿಯೊ ಕಾಲ್ ಮಾಡಿಸುತ್ತೇನೆ, ಅಜ್ಜಿ ತೊಟ್ಟಿಲನ್ನೇ ನೋಡುತ್ತಾ ಹೆಸರು ಹೇಳಲಿ ಎಂದು ಘೋಷಿಸಿದೆ. ಘೋಷಣೆ ಮನೆಯೊಳಗೆ ನಿಲ್ಲಲಿಲ್ಲ. ಬೀದಿಯವರನ್ನೆಲ್ಲ ಕರೆದುಬಂದೆ.

ಆ ಬೆಳಿಗ್ಗೆ ಎದುರುಮನೆ ರುದ್ರಣ್ಣ ಟ್ರ್ಯಾಕ್ಟರ್ ನಿಲ್ಲಿಸಿ, ಶಿವನಿ ಊರಿಗೆ ಹೋಗಿಬರುವ ತನಕ ಕೇಳುವುದಕ್ಕೆ ಒಂದು ಪೆನ್‌ಡ್ರೈವ್ ಇದ್ದರೆ ಕೊಡು ಎಂದ. ರುದ್ರಣ್ಣನ ಟ್ರ್ಯಾಕ್ಟರ್ ಡೀಸೆಲ್ ಇಲ್ಲದಿದ್ದರೂ ಸ್ವಲ್ಪ ದೂರ ಹೋದೀತು, ಹಾಡಿಲ್ಲದೆ ಗೇರಿಗೂ ಬೀಳುವುದಿಲ್ಲ. ನಾನು ಗಡಿಬಿಡಿಯಲ್ಲಿದ್ದೆ. ಕಂಪ್ಯೂಟರ್‌ನ ಹಿಂದೆ ಕೈಹಾಕಿ ತಡಕಾಡಿ, ಅಲ್ಲಿ ಸಿಕ್ಕಿಸಿದ್ದ ಉಗುರಿನಷ್ಟು ದೊಡ್ಡ ಕರಿ ವಸ್ತುವನ್ನು ಕಿತ್ತು ಕೊಟ್ಟೆ. ತುಂಬ ಹಾಡಿದೆ ಎಂದೂ ಹೇಳಿದೆ. ದಾನ ಮಾಡಿದ ಪುಣ್ಯದಲ್ಲಿ ಒಳಗೆ ಬಂದು ಕಂಪ್ಯೂಟರ್ ಹಾಕಿದೆ.

ನೆಟ್ ಇಲ್ಲ.

ನಮ್ಮ ರೂಟರ್ ಇರುವುದು ದೇವರ ಗೂಡಿನಲ್ಲಿ. ಕೇಬಲ್ ಎಳೆದವರಿಗೆ ಗೋಡೆಯಲ್ಲಿ ತೂತು ಸಿಕ್ಕಿದ್ದು ಅಲ್ಲೇ. ಅಜ್ಜಿ ದಿನಾ ಪೂಜೆ ಮಾಡುವಾಗ ಪಕ್ಕದಲ್ಲಿ ಕೂತಿದ್ದಾನಲ್ಲ ಎಂದು ಅದಕ್ಕೂ ವಿಭೂತಿ ಹಚ್ಚಿ, ಒಂದು ಹೂವು ಇಡುತ್ತಾಳೆ. ಹಸಿರು ದೀಪಗಳೆಲ್ಲ ಸರಿಯಾಗಿ ಉರಿಯುತ್ತಿದ್ದವು. ಆದರೆ ಕಂಪ್ಯೂಟರ್‌ಗೆ ಅದು ಕಾಣಿಸುತ್ತಲೇ ಇರಲಿಲ್ಲ. ನಾನು ತಜ್ಞನ ಗಾಂಭೀರ್ಯದಿಂದ ರೋಗ ಪತ್ತೆಹಚ್ಚಿದೆ: ವಿಭೂತಿ ಒಳಗೆ ಹೋಗಿದೆ.

"ಹಂಗಾದ್ರೆ ಇಷ್ಟ್ ದಿನ ಹೆಂಗ್ ನಡೀತಿತ್ತೋ?" ಎಂದಳು ಅಮ್ಮ.

ಇಂಥ ಪ್ರಶ್ನೆಗಳಿಗೆ ತಜ್ಞರು ಉತ್ತರಿಸುವುದಿಲ್ಲ. ರೂಟರ್ ಒರೆಸಿದೆ, ಊದಿದೆ. ಕಂಪ್ಯೂಟರ್ ಆರಿಸಿ ಹಾಕಿದೆ. ಅಮ್ಮನನ್ನು ಸ್ಟೂಲ್ ಮೇಲೆ ಹತ್ತಿಸಿ, ರೂಟರನ್ನು ತಲೆಯ ಮೇಲೆ ಎತ್ತಿ ಹಿಡಿಸಿದೆ. ಕೇಬಲ್ ಎಷ್ಟು ಉದ್ದವಿತ್ತೋ ಅಷ್ಟು ದೂರ ಸ್ಟೂಲ್ ಸಮೇತ ಸರಿಸಿದೆ. ಅಷ್ಟೊತ್ತಿಗೆ ಬೀದಿಯವರು ಬರತೊಡಗಿದ್ದರು. ಬಂದವರೆಲ್ಲ ಮೊದಲು ಅಮ್ಮನಿಗೆ ಕೈಮುಗಿದು ಆಮೇಲೆ ಚಾಪೆಯ ಮೇಲೆ ಕೂತರು. ನಾಮಕರಣದ ಶಾಸ್ತ್ರದಲ್ಲಿ ಇದೂ ಒಂದು ಅಂದುಕೊಂಡರೋ ಏನೋ.

ಮುಹೂರ್ತ ಹತ್ತಿರವಾಗುತ್ತಿತ್ತು. ಅಜ್ಜಿ ರೇಷ್ಮೆ ಸೀರೆ ಉಟ್ಟು, ಪ್ಲಾಸ್ಟರ್ ಕಾಲನ್ನು ಮಣೆಯ ಮೇಲೆ ಇಟ್ಟು, ಕಪ್ಪು ಪರದೆಯನ್ನೇ ನೋಡುತ್ತಾ ಕೂತಿದ್ದಳು. ಹೆಸರು ಬಾಯೊಳಗೇ ಇತ್ತು. ಅವಳ ತುಟಿ ಆಗಾಗ ಅಲುಗುತ್ತಿತ್ತು. ಅದನ್ನು ನೋಡಿ ನನಗೆ ಬೆವರು ಬಂತು. ಬೆವರಿನ ಜೊತೆಗೆ ಐಡಿಯಾವೂ ಬಂತು.

ರೂಟರ್‌ನ ಹಿಂದೆ ಒಂದು ಸಣ್ಣ ತೂತಿರುತ್ತದೆ. ತೂತು ಇರುವುದೇ ಚುಚ್ಚುವುದಕ್ಕೆ! ಅಮ್ಮನ ಬಳೆಯಿಂದ ಪಿನ್ ತೆಗೆದು ಚುಚ್ಚಿ ಹಿಡಿದೆ. ದೀಪಗಳೆಲ್ಲ ಒಮ್ಮೆ ಆರಿದವು. ಮತ್ತೆ ಹತ್ತಿಕೊಂಡಾಗ ಅವುಗಳಲ್ಲಿ ಒಂದು ಕೆಂಪಾಗಿತ್ತು.

ಒಂದು ನಿಮಿಷದೊಳಗೆ ಪಕ್ಕದ ಮನೆ ಶಾರದಕ್ಕ ಮೊಬೈಲ್ ಹಿಡಿದು ಬಂದಳು. ಧಾರಾವಾಹಿಯಲ್ಲಿ ಸೊಸೆ ಬಾಗಿಲು ತೆಗೆಯುವಾಗ ಚಕ್ರ ಸುತ್ತತೊಡಗಿ ಚಿತ್ರ ನಿಂತುಬಿಟ್ಟಿದೆಯಂತೆ. ಹಿಂದೆಯೇ ರಿಟೈರ್ಡ್ ಮೇಷ್ಟ್ರು ಬಂದರು. ಅವರ ಕ್ರಿಕೆಟ್‌ನಲ್ಲಿ ಚೆಂಡು ಗಾಳಿಯಲ್ಲೇ ಉಳಿದಿತ್ತು. ನಮ್ಮ ಪಾಸ್‌ವರ್ಡ್ ಬೀದಿಯಲ್ಲಿ ಎಷ್ಟು ಜನಕ್ಕೆ ಗೊತ್ತು ಎಂಬುದು ನನಗೆ ಅವತ್ತೇ ಗೊತ್ತಾಗಿದ್ದು. ಅಂದರೆ ಅಲ್ಲಿಯವರೆಗೂ ಇಡೀ ಬೀದಿಗೆ ನೆಟ್ ಬರುತ್ತಿತ್ತು, ನಮ್ಮ ಕಂಪ್ಯೂಟರ್ ಒಂದನ್ನು ಬಿಟ್ಟು. ಈಗ ನಾನು ಯಾರಿಗೂ ಭೇದಭಾವ ಇಲ್ಲದಂತೆ ಮಾಡಿದ್ದೆ.

ಆಗಲೇ ಹೊರಗೆ ಟ್ರ್ಯಾಕ್ಟರ್ ಸದ್ದಾಯಿತು. ರುದ್ರಣ್ಣ ಒಳಗೆ ಬಂದು, ಕರಿ ವಸ್ತುವನ್ನು ನನ್ನ ಅಂಗೈಗೆ ಹಾಕಿದ.

"ಒಳ್ಳೆ ಪೆನ್‌ಡ್ರೈವ್ ಕೊಟ್ಟೆ ಕಣಪ್ಪ. ಶಿವನಿ ಮುಟ್ಟಿ ವಾಪಸ್ ಬಂದ್ರೂ ಒಂದ್ ಹಾಡ್ ಹೇಳ್ಲಿಲ್ಲ. ಎರಡ್ ಸತಿ ಕುಟ್ಟಿದ್ದೂ ಆಯ್ತು."

ಅಂಗೈ ನೋಡಿಕೊಂಡೆ. ಅದರ ಮೇಲೆ ಸಣ್ಣದಾಗಿ ವೈಫೈ ಗುರುತಿತ್ತು. ಅದು ಪೆನ್‌ಡ್ರೈವ್ ಅಲ್ಲ. ನಮ್ಮ ಹಳೇ ಕಂಪ್ಯೂಟರ್‌ಗೆ ರೂಟರ್ ಕಾಣಿಸುವಂತೆ ಮಾಡುವ ಡಾಂಗಲ್! ಕಂಪ್ಯೂಟರ್‌ನ ಕಣ್ಣನ್ನೇ ಕಿತ್ತು ಟ್ರ್ಯಾಕ್ಟರ್‌ಗೆ ಕೊಟ್ಟು, ರೂಟರ್‌ಗೆ ಆಪರೇಷನ್ ಮಾಡಿದ್ದೆ.

ಓಡಿಹೋಗಿ ಸಿಕ್ಕಿಸಿದೆ. ರುದ್ರಣ್ಣನ ಕುಟ್ಟು ತಿಂದರೂ ಪುಣ್ಯಾತ್ಮ ಬದುಕಿತ್ತು. ಕಂಪ್ಯೂಟರ್ ರೂಟರನ್ನು ಹಿಡಿಯಿತು. ಸಿಗ್ನಲ್ ಗೆರೆಗಳೆಲ್ಲ ತುಂಬಿ ಬಂದವು. ಆದರೆ ರೂಟರ್‌ಗೆ ಈಗ ತಾನು ಯಾರು, ತನ್ನ ಊರು ಯಾವುದು ಎಂಬುದೇ ನೆನಪಿರಲಿಲ್ಲ. ಕಂಪ್ಯೂಟರ್ ಕೇಳುತ್ತಿತ್ತು, ರೂಟರ್ ಪಿಳಿಪಿಳಿ ಕಣ್ಣು ಬಿಡುತ್ತಿತ್ತು.

ನೆಟ್ ಕೊಟ್ಟಿರುವ ಲೋಕೇಶಣ್ಣನಿಗೆ ಫೋನ್ ಮಾಡಬೇಕಿತ್ತು. ನನ್ನ ಸಿಮ್‌ಗೆ ಸಿಗ್ನಲ್ ಸಿಗುವುದು ತಾರಸಿಯ ಮೂಲೆಯಲ್ಲಿ, ಅದೂ ನೀರಿನ ಟ್ಯಾಂಕ್ ತಬ್ಬಿಕೊಂಡರೆ. ತಬ್ಬಿಕೊಂಡೆ. ಲೋಕೇಶಣ್ಣ ತರೀಕೆರೆಯಲ್ಲಿ ಯಾವುದೋ ಕಂಬದ ಮೇಲಿದ್ದ.

"ರೀಸೆಟ್ ಒತ್ತಿಲ್ಲ ತಾನೆ?" ಮೊದಲನೇ ಪ್ರಶ್ನೆಯೇ ಅದು.

"ಬೆರಳಲ್ಲಿ ಒತ್ತಿಲ್ಲ ಅಣ್ಣ," ಎಂದೆ.

ಅವನು ಕಂಬದ ಮೇಲಿಂದಲೇ ಬೈದ. ಆಮೇಲೆ ಯೂಸರ್ ನೇಮ್, ಪಾಸ್‌ವರ್ಡ್ ಹೇಳಿ, ಎಲ್ಲಿ ಏನು ತುಂಬಬೇಕೆಂದು ವಿವರಿಸಿದ. ನಾನು ಅಂಗೈ ಮೇಲೆ ಬರೆದುಕೊಂಡು, ಮೆಟ್ಟಿಲು ಹಾರಿಕೊಂಡು ಇಳಿದು, ಯಾರ ಮುಖವನ್ನೂ ನೋಡದೆ ಕಂಪ್ಯೂಟರ್ ಮುಂದೆ ಕೂತು ತುಂಬಿದೆ. ಕೆಂಪು ದೀಪ ಹಸಿರಾಯಿತು. ಗೆದ್ದೆ! ಅಕ್ಕನಿಗೆ ಕಾಲ್ ಹೋಯಿತು. ಪರದೆ ತುಂಬ ಕಲಬುರಗಿ ಮೂಡಿತು.

ತೊಟ್ಟಿಲಿನ ಹತ್ತಿರ ಯಾರೂ ಇರಲಿಲ್ಲ. ಒಬ್ಬರು ನೆಲ ಗುಡಿಸುತ್ತಿದ್ದರು. ದೂರದಲ್ಲಿ ಪಂಕ್ತಿಯಲ್ಲಿ ಊಟ ನಡೆದಿತ್ತು. ಅಕ್ಕ ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ ಪರದೆಗೆ ಬಂದು, "ಏನೋ ಮಂಜ, ಈಗ ಬಂದ್ಯಾ?" ಎಂದಳು.

ತಿರುಗಿ ನೋಡಿದೆ. ನಮ್ಮ ಚಾಪೆಯ ಮೇಲೂ ಎಲ್ಲರ ಕೈಯಲ್ಲಿ ಹೆಸರುಬೇಳೆ ಪಾಯಸದ ಲೋಟ. ಅಮ್ಮ ಸ್ಟೂಲಿನಿಂದ ಇಳಿದು ಬಡಿಸುತ್ತಿದ್ದಳು. ನಾನು ಟ್ಯಾಂಕ್ ತಬ್ಬಿಕೊಂಡಿದ್ದಾಗ, ಕೊಟ್ಟಿಗೆಯ ಮೂಲೆಯಲ್ಲೂ ಸಿಗ್ನಲ್ ಹಿಡಿಯುವ ಅಜ್ಜಿಯ ಬಟನ್ ಫೋನಿಗೆ ಅಕ್ಕ ಕಾಲ್ ಮಾಡಿದ್ದಳು. ತನ್ನ ಮೊಬೈಲನ್ನು ಮಗುವಿನ ಕಿವಿಗೇ ಹಿಡಿದಿದ್ದಳು. ಅಜ್ಜಿ ಇಲ್ಲಿಂದ ಪಿಸುಗುಟ್ಟಿದ್ದಳು. ಮಗು ಅಲ್ಲಿ ಆಕಳಿಸಿತಂತೆ. ಮುಹೂರ್ತಕ್ಕೆ ಸರಿಯಾಗಿ ಮುಗಿದುಹೋಗಿತ್ತು. ಹೆಸರು ಶಾರದಕ್ಕನಿಗೆ ಗೊತ್ತು, ಮೇಷ್ಟ್ರಿಗೆ ಗೊತ್ತು, ಹಾಡಿಲ್ಲದ ರುದ್ರಣ್ಣನಿಗೂ ಗೊತ್ತು. ಸೋದರಮಾವನಿಗೆ ಮಾತ್ರ ಗೊತ್ತಿಲ್ಲ.

ನಾನು ಅಜ್ಜಿಯ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದೆ. ಅಜ್ಜಿ ನನ್ನ ತಲೆ ಬಗ್ಗಿಸಿ, ಕಿವಿ ಹತ್ತಿರ ಬಾಯಿ ತಂದು, ಗಿರಿಜಾ ಎಂದಳು. ಆಮೇಲೆ ಅದೇ ಕಿವಿಯನ್ನು ಹಿಂಡಿ ಹೇಳಿದಳು:

"ಹೆಸ್ರು ಹೇಳೋದು ಕಿವಿಗೆ ಕಣೋ. ಅದಕ್ಯಾಕೋ ನಿಮ್ಮಮ್ಮನ್ನ ಸ್ಟೂಲ್ ಹತ್ತಿಸ್ದೆ?"