ಕಿರಮಂಜಿ ಲೋಳಿಮೀನು

ಎಲ್ಲಾ ತಾಪತ್ರಯ ಸುರುವಾದದ್ದು ಹೆಬ್ಬೆರಳಿನ ಉಗುರಿನಷ್ಟಿದ್ದ ಒಂದು ಲೋಳಿಮೀನಿನಿಂದ. ಅದೂ ಸತ್ತದ್ದು, ಸ್ಪಿರಿಟ್ಟಿನ ಬಾಟ್ಲಿಯೊಳಗೆ ಕೂತದ್ದು. ಹತ್ತೊಂಬತ್ತುನೂರಾ ಒಂಬತ್ತನೇ ಇಸವಿಯ ಇಲಕಲ್ಲಿನಲ್ಲಿ ಸಮುದ್ರದ ಸುದ್ದಿ ಯಾರಿಗೆ ಬೇಕಾಗಿತ್ತು ಹೇಳಿ!

ಬಾಟ್ಲಿ ಕಳಿಸಿದವರು ಮುಂಬಯಿ ಕಾಲೇಜಿನ ಪ್ರಾಣೇಶರಾಯರು. ಆಳಸಮುದ್ರದ ಸಣ್ಣ ಲೋಳಿಮೀನುಗಳ ಅಭ್ಯಾಸವೇ ಅವರ ಉದ್ಯೋಗ. ಇಲಕಲ್ಲ ಸಾಲಿಯ ಡ್ರಾಯಿಂಗ್ ಮಾಸ್ತರ ಪಂಢರೀನಾಥನ ಕೈ ಚಲೋ ಅಂತ ಕೇಳಿ ಪತ್ರ ಬರೆದಿದ್ದರು: "ಇದರ ಚಿತ್ರ ಬರೀರಿ. ಸಮುದ್ರದಾಗಿದ್ದಾಗ ದಾಳಿಂಬರಿ ಕಾಳಿನ ಬಣ್ಣ ಇತ್ತು. ಸ್ಪಿರಿಟ್ಟಿನಾಗ ದಿನಾ ಬಣ್ಣ ಬಿಡ್ತದ, ಲಗೂ ಮಾಡ್ರಿ. ಚಿತ್ರ ನನ್ನ ಮನಸ್ಸಿಗೆ ಬಂದರ ಮುಂಬಯಿಯೊಳಗ ನಿಮಗ ನೌಕರಿ."

ಮುಂಬಯಿ ಅಂದರೆ ಸಮುದ್ರ! ಹದಿನೈದು ವರ್ಷ ಬೋರ್ಡಿನ ಮೇಲೆ ತೆರೆ ಬರೆದು ಬರೆದು ಖಡು ಸವೆಸಿದ ಪಂಢರೀನಾಥ ಒಂದು ಸಲವೂ ಸಮುದ್ರ ಕಂಡವನಲ್ಲ. ಸಾಯುವುದರೊಳಗೆ ಒಮ್ಮೆ ನೋಡಬೇಕು, ಅಷ್ಟೇ ಅವನ ಆಸೆ, ಪಾಪ.

ತಾಯಿ ಮಥುರಾಬಾಯಿ ಮಾತ್ರ ಬಾಟ್ಲಿಯನ್ನು ಹೊಸ್ತಿಲು ದಾಟಗೊಡಲಿಲ್ಲ. "ಸೆರೆಯೊಳಗ ಹೆಣಾ ಮುಳುಗಿಸಿ ಕಳಿಸ್ಯಾರ, ಅದನ್ನ ಮಡಿ ಮನಿಯೊಳಗ ತರ್ತೀಯೇನೋ!" ಹಿಂಗಾಗಿ ಅದು ಪಕ್ಕದ ಮನೆಯ ಜಾಫರಸಾಬನ ಛಪ್ಪರ ಸೇರಿತು. ಜಾಫರಸಾಬ ಸೀರೆ ಸೆರಗಿನ ನೂಲಿಗೆ ಬಣ್ಣ ಹಾಕುವವ. ಮಾಸ್ತರ ದಿನಾ ಸಂಜೆ ಅಲ್ಲಿ ಕೂತು ಗೆರೆ ಎಳೆದ, ಅಳಿಸಿದ, ಮತ್ತೆ ಎಳೆದ. ಬಣ್ಣ ತುಂಬುವ ಹೊತ್ತಿಗೆ ಮೀನು ಗಂಜಿ ತಿಳಿಯಂತೆ ಬೆಳ್ಳಗಾಗಿತ್ತು.

ಅಂದು ರವಿವಾರ. ಬಾಗಲಕೋಟೆಗೆ ಲಗ್ನಕ್ಕೆ ಬಂದಿದ್ದ ರಾಯರು ಮಧ್ಯಾಹ್ನ ಇಲಕಲ್ಲಿಗೆ ಬರುವವರಿದ್ದರು. ಅಂದಾಜಿನ ಮೇಲಾದರೂ ಬಣ್ಣ ತುಂಬೋಣ ಅಂತ ಮುಂಜಾನೆಯೇ ಓಡಿ ಬಂದ ಮಾಸ್ತರ ಬಾಟ್ಲಿ ನೋಡಿ ಅಲ್ಲೇ ಕುಕ್ಕರಿಸಿದ. ಒಳಗೆ ಲೋಳಿಮೀನು ಹೊಸ ಸೆರಗಿನಂತೆ ಕೆಂಪಗೆ ಝಗಝಗಿಸುತ್ತಿತ್ತು.

"ಜಾಫರಸಾಬ! ಏನ್ ಮಾಡಿದ್ರಿ ಇದಕ್ಕ?"

"ಬಣ್ಣ ಬಿಡಾಕತ್ತಿತ್ತಲ್ರಿ ಮಾಸ್ತರ. ನನ್ನ ಛಪ್ಪರದಾಗ ಇಟ್ಟದ್ದು ಬಣ್ಣ ಬಿಟ್ರ ನಾ ಊರಾಗ ಮಾರಿ ಹೆಂಗ ತೋರಿಸ್ಲಿ? ಪಟಿಕದ ನೀರಾಗ ಅದ್ದಿ, ಸೆರಗಿಗೆ ಹಾಕೂ ಕಿರಮಂಜಿ ಕೆಂಪು ಉಗುರುಬೆಚ್ಚಗ ಮಾಡಿ ಕುಂದ್ರಿಸಿದೆ." ಜಾಫರಸಾಬನ ದನಿ ಸಣ್ಣಗಾಯಿತು. "ನೀವು ಮುಂಬಯಿಗೆ ಹೋದ್ರ ನನಗ ಹೊತ್ತು ಹೋಗೂದಿಲ್ರಿ. ಆದ್ರೂ ನಿಮಗ ಆಸೆ ಐತೆಲ್ಲ, ಅದಕ್ಕ ಮಾಡೇನಿ."

"ತಗೀರಿ, ಆ ಬಣ್ಣ ತಗೀರಿ!"

"ನಾ ಹಾಕಿದ ಬಣ್ಣಾನ? ನಮ್ಮಪ್ಪ ಎದ್ದು ಬಂದ್ರೂ ಆಗೂದಿಲ್ಲ."

ಮಾಸ್ತರ ತಾನೇ ಕೈ ಹಚ್ಚಿದ. ಬಟ್ಟಲಲ್ಲಿ ಅಂಟವಾಳದ ನೀರು ಮಾಡಿ ಮೀನು ಬಿಟ್ಟು ಅಲುಗಿಸಿದ. ನೊರೆ ಬಂತು, ಬಣ್ಣ ಹೋಗಲಿಲ್ಲ. ಆ ನೊರೆಯಲ್ಲಿ ಮೀನೇ ಕಾಣದಾಯಿತು! ಜಾಫರಸಾಬನ ಹೆಂಡತಿ ಕಾಸಿಂಬಿ ತೆಳು ಅರಿವೆ ತಂದು ಸೋಸತೊಡಗಿದಳು. ಗೋಡೆಯಾಚೆಯಿಂದ ಮಥುರಾಬಾಯಿ ಇಣುಕಿದರು. "ಹಡೆದ ತಾಯಿಗೆ ಒಂದು ದಿನಾ ಅಂಟವಾಳ ಕುಟ್ಟಿ ಕೊಟ್ಟವಲ್ಲ, ಹೆಣಕ್ಕ ಎರಿಯಾಕ ಕೂತಾನ ನೋಡ್ರಿ!"

ಅಂತೂ ಮೀನು ಸಿಕ್ಕಿತು. ಅದನ್ನು ಬಾಟ್ಲಿಗೆ ಹಾಕುವುದಕ್ಕೂ ಬಾಗಿಲಿಗೆ ಟಾಂಗಾ ಬಂದು ನಿಲ್ಲುವುದಕ್ಕೂ ಸರಿಹೋಯಿತು.

ರಾಯರು ಬಿಸಿಲಿಗೆ ಹಿಡಿದು, ಭೂತಗನ್ನಡಿ ಹಚ್ಚಿ ನೋಡಿದರು. ಬಾಟ್ಲಿ ತಿರುಗಿಸಿ ತಿರುಗಿಸಿ ಮತ್ತೆ ನೋಡಿದರು. ಮಾಸ್ತರನಿಗೆ ತಡೆಯಲಾಗಲಿಲ್ಲ. "ತಪ್ಪಾತ್ರಿ ರಾಯರ. ಅದು ಮೀನಿನ ಬಣ್ಣ ಅಲ್ಲ, ಹಾಕಿದ ಬಣ್ಣ."

"ಗೊತ್ತದರಿ! ಇದರ ಮೈಯೊಳಗಿನ ಸಣ್ಣ ಸಣ್ಣ ಕಾಲುವಿ ನನಗ ಒಂದೂ ಕಂಡಿರಲಿಲ್ಲ. ಈಗ ಎಲ್ಲಾ ಎದ್ದು ಕಾಣಸ್ತಾವ. ಒಳಗಿನದು ಕಾಣಲಿ ಅಂತ ಕಾಲೇಜಿನಾಗ ನಾವೂ ಕಿರಮಂಜಿ ಹಾಕತೇವಿ, ಇಷ್ಟು ಸಮ ಎಂದೂ ಕೂತಿಲ್ಲ. ನಿಮ್ಮ ಚಿತ್ರದ ಗೆರೀನೂ ಚಲೋ ಬಂದಾವ. ಈ ಬಣ್ಣ ಯಾರು ಹಾಕಿದವರು? ಅವರೂ ಮುಂಬಯಿಗೆ ಬರಲಿ, ನೀವೂ ಬರ್ರಿ!"

ಮಾಸ್ತರನ ಎದೆಯೊಳಗೆ ಆಗಲೇ ತೆರೆ ಏಳತೊಡಗಿದವು. ಆದರೆ ಜಾಫರಸಾಬ ತಲೆ ಅಲ್ಲಾಡಿಸಿದ. "ಬಂದು ಏನ್ ಮಾಡ್ಲಿರಿ? ಈ ಬಣ್ಣ ಕೂತದ್ದು ನಮ್ಮ ಬಾವಿ ನೀರಿಂದ. ಅದನ್ನ ಬಿಟ್ಟು ಬ್ಯಾರೆ ನೀರಾಗ ಹಿಂಗ ಕುಂದ್ರೂದಿಲ್ಲ."

ರಾಯರು ಗಲ್ಲ ಕೆರೆದುಕೊಂಡರು. "ಖರೆ. ಬಾವಿ ಅಂತೂ ಬರೂದಿಲ್ಲ, ಬಾಟ್ಲಿ ಬರತಾವ. ನಲವತ್ತು ಕಳಸ್ತೇನಿ. ಸಾಬರು ಬಣ್ಣ ಹಾಕಲಿ, ನೀವು ಇಲ್ಲೇ ಕೂತು ಚಿತ್ರ ಬರೀರಿ. ಮುಂಬಯಿಗೆ ಬರೂ ತ್ರಾಸೇ ಇಲ್ಲ!"

"ನಲವತ್ತು ಹೆಣಾ!" ಗೋಡೆಯಾಚೆ ಮಥುರಾಬಾಯಿ ಹಣೆ ಬಡಿದುಕೊಂಡರು.

"ಎಲ್ಲೂ ಹೋಗೂದು ಬ್ಯಾಡಾತು ನೋಡ್ರಿ ಮಾಸ್ತರ!" ಅಂತ ಜಾಫರಸಾಬ ಕೆಂಪು ಕೈಗಳಿಂದ ಅವನನ್ನು ಅಪ್ಪಿಕೊಂಡ. ಅವನ ಕಣ್ಣು ತುಂಬಿದ್ದವು. ಅಂಥವನ ಮೇಲೆ ಸಿಟ್ಟು ಮಾಡುವುದಾದರೂ ಹೆಂಗ? ಮಾಸ್ತರನೂ ಕಣ್ಣು ಒರೆಸಿಕೊಂಡ.

ಟಾಂಗಾ ಹೊರಟಾಗ ಮಾಸ್ತರ ಗಾಲಿಯ ಜೋಡಿ ನಾಲ್ಕು ಹೆಜ್ಜೆ ನಡೆದು ಮೆಲ್ಲಗೆ ಕೇಳಿದ. "ರಾಯರ, ನಲವತ್ತರ ಸಂಗಾಟ ಇನ್ನೊಂದು ಬಾಟ್ಲಿ... ಬರೇ ಸಮುದ್ರದ ನೀರು ಕಳಸ್ತೀರೇನು? ನೋಡಲಿಕ್ಕೆ."

"ಬ್ಯಾಡ್ರಿ ರಾಯರ!" ಹಿಂದಿನಿಂದ ಜಾಫರಸಾಬ ಓಡಿ ಬಂದ. "ಉಪ್ಪುನೀರು ಛಪ್ಪರದಾಗ ಬಂದ್ರ ನನ್ನ ಬಣ್ಣೆಲ್ಲಾ ಕೆಡತೈತಿ!"