ಗಾಳಿಯನ್ನು ಯಾವ ಬಾಯಲ್ಲಿ ಸೇವಿಸುತ್ತೀರಿ: ರೋಟರಿ ಎಂಜಿನ್ನವರಿಗೊಂದು ಬಿನ್ನಹ

ಮಾನ್ಯರೇ,

ತಿ. ನರಸೀಪುರದ ಪಂಪ್‌ಸೆಟ್ ಮೇಸ್ತ್ರಿಯ ಸಾಷ್ಟಾಂಗ ನಮಸ್ಕಾರಗಳು. ತಾವು ಹಳೇ ಕಾರೊಂದರ ಹೊಟ್ಟೆಯಿಂದ ಇಳಿದು, ನನ್ನ ಮಗಳು ಮೇಘನಾ ಹಿತ್ತಲಿನ ಶೆಡ್ಡಿನಲ್ಲಿ ಕಟ್ಟಿದ ಒಂಟಿ ಸೀಟಿನ ವಿಮಾನದ ಮೂತಿಯಲ್ಲಿ ಬಿಜಯಂಗೈದ ದಿನದಿಂದ ಆದ ಒಟ್ಟು ಖರ್ಚು ಇಷ್ಟು: ಮೂರು ಬೇಸಿಗೆ, ತಮ್ಮ ಮೈಗೆ ಎರಡು ಜೊತೆ ಲೋಹದ ಕವಚ, ಇನ್ನೂರ ಅರವತ್ತು ಲೀಟರ್ ಪೆಟ್ರೋಲು, ಪಕ್ಕದ ಮನೆಯವರ ಮಾತುಕತೆ, ಮತ್ತು ಮೂವತ್ತೆರಡು ವರ್ಷ ಕಾಪಾಡಿಕೊಂಡು ಬಂದಿದ್ದ ನನ್ನ ಹೆಸರು.

ಪಿಸ್ಟನ್ನು, ವಾಲ್ವುಗಳ ಹಂಗಿಲ್ಲದೆ, ಮೂರು ಮೂಲೆಯ ಒಂದು ರೋಟರನ್ನು ಗಿರಗಿರನೆ ತಿರುಗಿಸಿಯೇ ಸಂಸಾರ ತೂಗಿಸುವ ತಮಗೆ ಉಸಿರಾಡುವ ಬಾಯನ್ನು ಎಲ್ಲಿ ಕೊರೆಯಬೇಕೆಂಬುದೇ ನಮ್ಮ ಮನೆಯ ವ್ಯಾಜ್ಯ. ಪಕ್ಕದ ಮುಚ್ಚಳದಲ್ಲಿ ಕೊರೆದರೆ ಅದು ಸೈಡ್ ಪೋರ್ಟು. ಆಗ ತಾವು ನಿಧಾನದಲ್ಲಿ ಪರಮ ಸಾಧು, ಓಟದಲ್ಲಿ ಉಬ್ಬಸದ ರೋಗಿ. ಸುತ್ತುಗೋಡೆಯಲ್ಲೇ ಕೊರೆದರೆ ಅದು ಪೆರಿಫೆರಲ್ ಪೋರ್ಟು. ಆಗ ಓಟದಲ್ಲಿ ಗಾಳಿಯನ್ನು ಬಾಚಿ ಬಾಚಿ ನುಂಗುತ್ತೀರಿ, ನಿಧಾನದಲ್ಲಿ ತಮ್ಮ ಹೊಗೆಯನ್ನು ತಾವೇ ಕುಡಿದು ಕೆಮ್ಮುತ್ತೀರಿ. ಎರಡೂ ಗುಣ ಒಂದೇ ಬಾಯಲ್ಲಿ ಬಾರದಂತೆ ನೋಡಿಕೊಂಡ ತಮ್ಮ ಶಿಸ್ತಿಗೆ ಶರಣು.

ನಮ್ಮ ಕಡೆ ಒಂದು ಪದ್ಧತಿಯುಂಟು. ರಿಪೇರಿಯಾದ ಪಂಪ್‌ಸೆಟ್ಟಿನ ನೆತ್ತಿಯ ಮೇಲೆ ಐದು ರೂಪಾಯಿಯ ಬಿಲ್ಲೆಯನ್ನು ಅಂಚಿನ ಮೇಲೆ ನಿಲ್ಲಿಸುತ್ತೇವೆ. ಎಂಜಿನ್ ಓಡುತ್ತಿರುವಾಗಲೂ ಅದು ಬೀಳದಿದ್ದರೆ ಗಿರಾಕಿ ತಲೆದೂಗಿ ಮನೆಗೆ ಹೋಗುತ್ತಾನೆ. ತಮಗೂ ಅದೇ ಪರೀಕ್ಷೆ ಇಟ್ಟೆ. ಸೈಡ್ ಪೋರ್ಟಿನಲ್ಲಿ ಬಿಲ್ಲೆ ಧ್ಯಾನಕ್ಕೆ ಕೂತಂತೆ ನಿಂತಿತು. ಮಗಳು ಬೇಡ ಬೇಡವೆಂದರೂ ಸೈಡ್ ಪೋರ್ಟೇ ಇರಲಿ ಎಂದು ತೀರ್ಪು ಕೊಟ್ಟವನು ನಾನೇ.

ಪರೀಕ್ಷಾ ಹಾರಾಟದ ಅನುಮತಿ ಮುಗಿಯಲು ಹನ್ನೆರಡು ದಿನ ಉಳಿದಿದ್ದಾಗ, ಕವಲಂದೆ ಕಡೆಯ ಒಣ ಕೆರೆಯಂಗಳದಲ್ಲಿ ತಾವು ಆರುನೂರು ಮೀಟರ್ ಓಡಿ, ನೆಲದ ಮೇಲಿನ ಮಮತೆಯನ್ನು ಬಿಡಲಾರದೆ, ಜಾಲಿ ಪೊದೆಯ ಮುಂದೆ ವಿನಯದಿಂದ ನಿಂತಿರಿ. ಆಡು ಮೇಯಿಸುತ್ತಿದ್ದ ಮಲ್ಲಾಜಮ್ಮ, "ಏನ್ಲಾ ಚಿಕ್ಕಸ್ವಾಮಿ, ಟ್ಯಾಕ್ಟ್ರುಗೆ ರೆಕ್ಕೆ ಕಟ್ಕಂಡು ಯಾವೂರ್ಗೆ ಒಂಟೆ?" ಎಂದು ನನ್ನನ್ನು ವಿಚಾರಿಸಿದರು. ಮೇಘನಾ ಇಳಿದು ಬಂದು, "ಅಪ್ಪಾ, ಇದು ಬಾವಿ ನೀರು ಎತ್ತಕ್ಕಲ್ಲ, ನನ್ನ ಎತ್ತಕ್ಕೆ ಕಣಪ್ಪ" ಎಂದಳು. ಮೂವತ್ತೆರಡು ವರ್ಷದ ಮೇಸ್ತ್ರಿಗಿರಿ ಆ ಒಂದು ಮಾತಿಗೆ ಕೆರೆಯಂಗಳದಲ್ಲೇ ಕುಸಿಯಿತು.

ನಂಜನಗೂಡಿನ ಲೇತ್ ಚಿಕ್ಕಬಸಪ್ಪ ನಾಲ್ಕು ದಿನದಲ್ಲಿ ಸುತ್ತುಗೋಡೆಗೆ ಬಾಯಿ ಕೊರೆದುಕೊಟ್ಟ. ತಾವು ಕೆಮ್ಮಿದ ಕೆಮ್ಮಿಗೆ ಶೆಡ್ಡಿನ ತಗಡು ಸಡಿಲಾಯಿತು, ನನ್ನ ಎದೆಯೂ. ಏರುವುದು ಸರಿ, ಇಳಿಯಲೆಂದು ಥ್ರಾಟಲ್ ಹಿಂದಕ್ಕೆಳೆದು ವೇಗ ತಗ್ಗಿಸಿದಾಗ ತಾವು ಕೆಮ್ಮಿ ಪ್ರಾಣ ಬಿಟ್ಟರೆ ಮಗಳ ಕೆಳಗೆ ಇರುವುದು ಬರೀ ಗಾಳಿ ತಾನೇ? ಆದ್ದರಿಂದ ಐಡ್ಲಿಂಗನ್ನು, ಅಂದರೆ ತಮ್ಮ ಅತಿ ನಿಧಾನದ ತಿರುಗಾಟವನ್ನು, ನಿಮಿಷಕ್ಕೆ ಸಾವಿರದೆಂಟುನೂರು ಸುತ್ತಿಗೆ ಏರಿಸಿ, ಪೂರ್ತಿ ವೇಗದಿಂದ ಥ್ರಾಟಲನ್ನು ಗಕ್ಕನೆ ಮುಚ್ಚುವ ಕೆಲಸವನ್ನು ನೂರು ಸಲ ಮಾಡಿಸಿದೆ. ತೊಂಬತ್ತರ ಹೊತ್ತಿಗೆ ಮೇಘನಾ, "ಸಾಕು ಬುಡಪ್ಪ, ಎಂಜಿನ್‌ಗೇ ಬೇಜಾರಾಯ್ತದೆ" ಎಂದಳು. ನೂರೂ ಸಲ ತಾವು ಬದುಕಿದಿರಿ. ಆಮೇಲೆಯೇ ಕೀಲಿಕೈ ಕೊಟ್ಟೆ.

ಈಗ ನನ್ನ ಅಲ್ಪ ಬೇಡಿಕೆಗಳು. ನೆಲದ ಮೇಲೆ ಮೆಲುಕು ಹಾಕುವ ಹಸುವಿನಂತೆಯೂ ಮೇಲೆ ಹುಲಿಯಂತೆಯೂ ಇರತಕ್ಕದ್ದು. ಕೆಮ್ಮುವ ಮನಸ್ಸಾದರೆ ಮೂರು ದಿನ ಮುಂಚಿತವಾಗಿ ಲಿಖಿತ ನೋಟಿಸ್ ಕೊಡತಕ್ಕದ್ದು. ಮಗಳು ಮೇಲಿರುವಾಗ ಸದರಿ ನೋಟಿಸನ್ನು ಕೊಡಲೇಬಾರದು.

ಉಬ್ಬಸಕ್ಕೂ ಆರ್ಭಟಕ್ಕೂ ಒಂದೇ ಸಮ ಕೈಮುಗಿಯುವ,
ತಮ್ಮ ವಿಶ್ವಾಸಿ
ಚಿಕ್ಕಸ್ವಾಮಿ

ಮರೆತ ಮಾತು: ಅನುಮತಿ ಮುಗಿಯುವ ಹಿಂದಿನ ದಿನ ಬೆಳಿಗ್ಗೆ ನಡೆದದ್ದರ ಲೆಕ್ಕ ಇದು. ಮೇಘನಾಗೆ ಎಂಟು ನಿಮಿಷದ ಆಕಾಶ. ಚಿಕ್ಕಬಸಪ್ಪನಿಗೆ "ವಿಮಾನದ ಲೇತ್" ಎಂಬ ಹೊಸ ಬೋರ್ಡು. ಮಲ್ಲಾಜಮ್ಮನಿಗೆ ಬೆದರಿ ಓಡಿದ ನಾಲ್ಕು ಆಡು, ಸಂಜೆಯೊಳಗೆ ನಾಲ್ಕೂ ವಾಪಸು. ತಮಗೆ ಊರವರು ಹಾಕಿದ ಚೆಂಡುಹೂವಿನ ಹಾರ, ಅದರಲ್ಲಿ ಅರ್ಧವನ್ನು ತಾವು ಗಾಳಿಯ ಜೊತೆ ಸೇವಿಸಿದಿರಿ. ನನಗೆ, ಹೋದ ಮಗಳು ಇಳಿದು ಬಂದಳು.