ನೇತ್ರಾವತಿ ದಡದ ಆಫ್ರಿಕಾ

ಮಂಗಳೂರಿನಲ್ಲಿ ಸಿಂಹಕ್ಕೆ ಹೆದರಿ ಬದುಕುತ್ತಿದ್ದ ಏಕೈಕ ಮನುಷ್ಯನೆಂದರೆ ನಮ್ಮ ಮಾವ! ಹುಲಿಗಾದರೆ ಹೆದರಲಿ, ನಮ್ಮ ಕಡೆ ಕಾಡಿನಲ್ಲಿ ಹುಲಿಯಾದರೂ ಉಂಟು. ಜೆಪ್ಪುವಿನ ತೆಂಗಿನ ತೋಟದಲ್ಲಿ ಸಿಂಹವನ್ನು ಕಂಡವರು ಯಾರು?

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಮದುವೆಯಾದ ಎರಡನೇ ವರ್ಷಕ್ಕೆ ಮುಂಬಯಿಗೆಂದು ಹೋದವರು ಅಲ್ಲಿಂದ ಹಡಗು ಹತ್ತಿ ಮೊಂಬಾಸಾ ಸೇರಿದರು. ಅತ್ತೆ ಹೆಂಚಿನ ಕಾರ್ಖಾನೆಯಲ್ಲಿ ಹೆಂಚು ಹೊತ್ತು ಅವರಿಗಾಗಿ ಕಾದರು. ಕಪ್ಪಗಿದ್ದ ಅತ್ತೆಯ ಕೂದಲು ನರೆಯತೊಡಗಿದ ಮೇಲೆ ಮಾವ ಒಂದು ಟ್ರಂಕು, ದೊರೆಗಳು ಬಿಸಿಲಿಗೆ ಹಾಕುವ ಒಂದು ಸೋಲಾ ಟೋಪಿ ಹಿಡಿದು, ಇಡೀ ಆಫ್ರಿಕಾವನ್ನು ತಲೆಯಲ್ಲಿ ತುಂಬಿಕೊಂಡು ಮರಳಿದರು.

ಮರಳಿದವರು ಮನೆಯೊಳಗೆ ಮಲಗಬೇಕಷ್ಟೆ? ಇಲ್ಲ! ಬಂದರದಿಂದ ಮಂಜಿ ಹಡಗಿನ ಹರಕು ಹಾಯಿಬಟ್ಟೆ ತಂದು, ಮನೆಯ ಹಿಂದೆ ನೇತ್ರಾವತಿ ಹೊಳೆಯ ದಡದಲ್ಲಿ ಡೇರೆ ಹಾಕಿದರು.

"ಅಲ್ಲಿ ನಾನಿದ್ದದ್ದು ಹೀಗೆಯೇ. ಹೊಳೆಯ ಬದಿಯಲ್ಲಿ ಬಿಳೀ ಡೇರೆಗಳು. ಹುಲ್ಲಿನ ಮೇಲೆ ರತ್ನಗಂಬಳಿ. ಬೆಳ್ಳಿಯ ಲೋಟದಲ್ಲಿ ಚಹಾ ಕುಡಿಯುತ್ತಾ ಕೂತರೆ ಎದುರಿಗೆ ಆನೆಗಳು ಹೊಳೆ ದಾಟುವುದು ಕಾಣುತ್ತದೆ. ನಿಮಗೆ ಹೇಳಿದರೆ ಎಂತ ಗೊತ್ತಾಗ್ತದೆ?" ಎನ್ನುತ್ತಿದ್ದರು.

ನಮಗೆ ಗೊತ್ತಾದದ್ದು ಒಂದೇ: ಈ ಮನುಷ್ಯ ಇನ್ನು ಸರಿಯಾಗುವುದಿಲ್ಲ!

ಸಂಜೆಯಾದರೆ ಸಾಕು, ಲಾಟೀನು ಹಿಡಿದವನು ಮುಂದೆ ನಡೆಯದೆ ಮಾವ ಡೇರೆಯಿಂದ ಕದಲುತ್ತಿರಲಿಲ್ಲ. ಲಾಟೀನು ಹಿಡಿಯುವ ಕರ್ಮ ನನ್ನದು. "ಇಲ್ಲಿ ಸಿಂಹ ಎಲ್ಲಿ ಉಂಟು ಮಾರಾಯಾ?" ಎಂದು ಅಮ್ಮ ಹಣೆ ಚಚ್ಚಿಕೊಂಡರೆ, "ಕಾಣುವ ಸಿಂಹದಿಂದ ಓಡಬಹುದು. ಕಾಣದ್ದರಿಂದ ಹೇಗೆ ಓಡುತ್ತೀ?" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಹೊಳೆಯಲ್ಲಿ ಎರಡು ಹೊಳ್ಳೆಗಳು ಮೇಲೆದ್ದವು. "ನೀರಾನೆ! ನೀರಾನೆ! ದೋಣಿ ತಿರುಗಿಸಿ!" ಎಂದು ಮಾವ ಬೊಬ್ಬೆ ಹಾಕಿದರು. ಉಳ್ಳಾಲಕ್ಕೆ ಹೊರಟಿದ್ದ ದೋಣಿಯಲ್ಲಿ ಗಲಿಬಿಲಿಯಾಗಿ, ಒಬ್ಬರು ಬದನೆಕಾಯಿ ಬುಟ್ಟಿಯ ಸಮೇತ ನೀರಿಗೆ ಬಿದ್ದರು. ಹೊಳ್ಳೆಯ ಹಿಂದೆಯೇ ಕೊಂಬು ಕಾಣಿಸಿತು. ಅದು ಪಕ್ಕದ ಮನೆಯ ಎಮ್ಮೆ! ಮರುದಿನ ಎಮ್ಮೆಯ ಯಜಮಾನ ಜಗಳಕ್ಕೇ ಬಂದ: "ನೀವು ಎಂತ ಹೇಳಿದ್ದು ಸ್ವಾಮೀ? ನೀರಾನೆಯ ಹಾಲು ಬೇಡ ಅಂತ ಹೇಳ್ತಿದ್ದಾರೆ ಜನ!"

ಊಟದ್ದು ಇನ್ನೊಂದು ಕಥೆ. ಅತ್ತೆ ಕಾರ್ಖಾನೆಯಿಂದ ಸೋತು ಬಂದು ಒಲೆ ಹೊತ್ತಿಸಿದರೆ, ಡೇರೆಯೊಳಗಿಂದ ಕೇಳುತ್ತಿತ್ತು: "ಮೊದಲು ಸೂಪು."

"ಗಂಜಿಯ ತಿಳಿ ಉಂಟು."

"ಅದೇ ಸೂಪು. ಆಮೇಲೆ?"

"ಆಮೇಲೆ ಗಂಜಿ."

ಅತ್ತೆ ನಗುತ್ತಲೂ ಇರಲಿಲ್ಲ, ಬೈಯುತ್ತಲೂ ಇರಲಿಲ್ಲ. ನನಗೆ ಮಾವನ ಮೇಲಿದ್ದ ಸಿಟ್ಟಿಗೆ ಅದೇ ಕಾರಣ. ಹೆಂಡತಿ ತಲೆಯ ಮೇಲೆ ಹೆಂಚು ಹೊರುತ್ತಿರುವಾಗ ಈ ದೊರೆತನ ಯಾರಿಗೆ ಬೇಕಿತ್ತು?

ಆದರೂ ಭಾನುವಾರ ಸಂಜೆ ಮಾವನ ಕಥೆ ಕೇಳಲು ಕೇರಿಯೇ ಸೇರುತ್ತಿತ್ತು. ಹಾಗೊಂದು ಭಾನುವಾರ, ಮಾವನನ್ನು ಹುಡುಕಿಕೊಂಡು ಬಂದರದ ಒಬ್ಬ ಮುದುಕ ಬ್ಯಾರಿ ಬಂದರು. ಆಫ್ರಿಕಾದಲ್ಲಿ ಮಾವನಿದ್ದ ಅದೇ ಡೇರೆಗಳ ಬಿಡಾರದಲ್ಲಿ ಅಡುಗೆಯವರಾಗಿದ್ದರಂತೆ. ಮಾವನನ್ನು ಕಂಡದ್ದೇ ತಬ್ಬಿಕೊಂಡು, ನಮ್ಮತ್ತ ತಿರುಗಿ ಹೆಮ್ಮೆಯಿಂದ ಹೇಳಿದರು: "ಇವರು ಕಾಯಿಸಿದ ನೀರಿಲ್ಲದೆ ಒಬ್ಬ ದೊರೆಯೂ ಮುಖ ತೊಳೀತಿರ್ಲಿಲ್ಲ! ಬೆಳಿಗ್ಗೆ ಡೇರೆ ಡೇರೆಗೆ ಹೊತ್ತುಕೊಂಡು ಹೋಗಿ, ಹೊರಗೆ ನಿಂತು ‘ಸಾಹೇಬ್ರೆ, ಬಿಸಿನೀರು ತಂದಿದ್ದೇನೆ’ ಅಂತ ಕೂಗ್ಬೇಕು. ರಾತ್ರಿ ನಾವಿಬ್ಬರೂ ಅಡುಗೆ ಡೇರೆಯ ಹಿಂದೆ, ಗೋಣಿಯ ಮೇಲೆ. ಸಿಂಹ ಕೂಗಿದ್ರೆ ಒಬ್ಬರನ್ನೊಬ್ಬರು ಹಿಡ್ಕೊಂಡು ಮಲಗ್ತಿದ್ದೆವು. ನೆನಪುಂಟಾ?"

ಪಾಪ, ಅವರು ಪ್ರೀತಿಯಿಂದಲೇ ಹೇಳಿದ್ದು. ಆದರೆ ಜನ ಸುಮ್ಮನಿರುತ್ತಾರೆಯೇ? ಯಾರೋ ಕಿಸಕ್ಕೆಂದರು. ಇನ್ನೊಬ್ಬರು "ದೊರೆಗಳೇ, ನನಗೂ ಒಂದು ಚೆಂಬು ಬಿಸಿನೀರು!" ಎಂದರು. ಮಾವ ಎದ್ದು ಒಳಗೆ ಹೋಗಿ ಡೇರೆಯ ಬಾಗಿಲು ಕಟ್ಟಿಕೊಂಡರು.

ಆಮೇಲೆ ವಾರವಿಡೀ ಆ ಬಾಗಿಲು ಜನರೆದುರು ತೆರೆಯಲೇ ಇಲ್ಲ. ಅತ್ತೆ ಹೊರಗಿಟ್ಟ ಗಂಜಿ ಬಹುಪಾಲು ಹಾಗೆಯೇ ಆರಿ ಮನೆಗೆ ಮರಳುತ್ತಿತ್ತು. ಅಮ್ಮ ಹೋಗಿ ಅತ್ತರು, ಬೈದರು. ಒಳಗಿಂದ ಒಂದು ಕೆಮ್ಮು ಮಾತ್ರ. ನಮಗೆ ಆಗ ನಿಜವಾಗಿಯೂ ಹೆದರಿಕೆಯಾಯಿತು. ಸಿಂಹ, ನೀರಾನೆ ಎಂದು ಬೊಬ್ಬೆ ಹಾಕುವ ಮಾವನನ್ನು ಸಹಿಸಬಹುದಿತ್ತು. ಈ ಮೌನಿಯನ್ನು ಏನು ಮಾಡುವುದು? ಅತ್ತೆ ಎಂದಿನಂತೆ ಗಂಜಿ ಇಟ್ಟು ಕಾರ್ಖಾನೆಗೆ ನಡೆದುಬಿಡುತ್ತಿದ್ದರು. ವರ್ಷಗಟ್ಟಲೆ ಮೋಸಹೋದವರು ಕ್ಷಮಿಸುವುದುಂಟೇ ಎಂದುಕೊಂಡೆ.

ಮುಂದಿನ ರಜೆಯ ದಿನ ಬೆಳಗಾಗುತ್ತಿದ್ದಂತೆ ನಾನು ಬಾವಿಕಟ್ಟೆಯಲ್ಲಿದ್ದೆ. ಅತ್ತೆ ತಾಮ್ರದ ಕೊಡಪಾನಕ್ಕೆ ಬಟ್ಟೆ ಮುಚ್ಚಿ ಹೊತ್ತುಕೊಂಡು ಡೇರೆಯತ್ತ ನಡೆದರು. ಬಾಗಿಲ ಹೊರಗೆ ನಿಂತು, ಸ್ವಲ್ಪ ನಾಚಿಕೊಂಡು, ಕೂಗಿದರು:

"ಸಾಹೇಬ್ರೆ, ಬಿಸಿನೀರು ತಂದಿದ್ದೇನೆ."

ಅತ್ತೆ ಮತ್ತೊಮ್ಮೆ ಕೂಗಿದರು.

"ಸಾಕು ಮಾರಾಯ್ತಿ, ನೀನೂ ತಮಾಷೆ ಮಾಡಬೇಡ," ಎಂದಿತು ಒಳಗಿನ ಒಡೆದ ಸ್ವರ.

"ತಮಾಷೆ ಎಂತದು? ಅಷ್ಟು ಜನಕ್ಕೆ ಹೊತ್ತು ಕೊಟ್ಟಿದ್ದೀರಿ. ನಿಮಗೆ ಒಬ್ಬರಾದರೂ ತಂದು ಕೊಡುವುದು ಬೇಡವಾ?"

ಬಾಗಿಲು ತೆರೆಯಿತು. ಮಾವನ ಗಡ್ಡ ಬೆಳೆದಿತ್ತು. ಅತ್ತೆಯ ಕೈಯಿಂದ ಕೊಡಪಾನ ಇಳಿಸಿ, ಅವರನ್ನು ಹೊಸ್ತಿಲಿಗಿಟ್ಟ ಕಲ್ಲಿನ ಮೇಲೆ ಕೂರಿಸಿದರು. ಆಮೇಲೆ ನೆಲದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಕೆಂಪು ಮಣ್ಣು ಕೂತು ಬಿರಿದಿದ್ದ ಅವರ ಪಾದಗಳಿಗೆ ಆ ನೀರನ್ನು ಮೆಲ್ಲಗೆ ಹೊಯ್ಯತೊಡಗಿದರು.

"ಅಯ್ಯೋ, ಬಿಡಿ! ಯಾರಾದರೂ ನೋಡಿದರೆ?"

"ಬಿಸಿ ಹೆಚ್ಚಾಯಿತಾ?" ಎಂದರು ಮಾವ.

ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡು, "ಇಲ್ಲ, ಹದ ಉಂಟು," ಎಂದರು.